ಅಕ್ಕಮ್ಮನ ಕೆಂಪು ಸೀಮೆಸುಣ್ಣ

ಊಟಿಯ ಫಿಂಗರ್‌ಪೋಸ್ಟ್ ಇಳಿಜಾರಿನಲ್ಲಿರುವ ಗಂಗಾಧರನ ಗ್ಯಾರೇಜಿಗೆ ಹೋದ ಗಾಡಿಗಳ ಮೈತುಂಬ ಸೀಮೆಸುಣ್ಣದಲ್ಲಿ ಅಂಕಿ ಬರೆಯುತ್ತಾರೆ ಎಂದು ಚಿನ್ನಿ ಕೇಳಿದ್ದಳು. ನಂಬಿರಲಿಲ್ಲ. ಆ ದಿನ ಬೆಳಿಗ್ಗೆ ಮಿನಿ ಲಾರಿಗೆ ಹಲಗೆ ಕೊಟ್ಟು ಹಳೆಯ ಹಸಿರು ಕಾರನ್ನು ಇಳಿಸುತ್ತಿದ್ದಾಗ ಪಕ್ಕದಲ್ಲಿ ನಿಂತಿದ್ದ ಜೀಪು ಅವಳ ಕಣ್ಣಿಗೆ ಬಿತ್ತು. ಬಾನೆಟ್ ಮೇಲೆ ಬಿಳಿ ಸುಣ್ಣದಲ್ಲಿ ‘ಬೆಲ್ಟ್ 600’, ಮುಂದಿನ ಚಕ್ರದ ಮೇಲೆ ಕೆಂಪಿನಲ್ಲಿ ‘ಬ್ರೇಕ್ 2,800’. ತಮಿಳು ಅಕ್ಷರ, ಶಾಲೆಯ ಬೋರ್ಡಿನ ಮೇಲೆ ಬರೆದಷ್ಟು ದುಂಡಗೆ.

ಬರೆದವಳು ಅಲ್ಲೇ ಟೈರಿನ ಮೇಲೆ ಕುಳಿತು ಟೀ ಕುಡಿಯುತ್ತಿದ್ದಳು. ಐವತ್ತು ದಾಟಿದ ಹೆಂಗಸು, ಕಂದು ಸ್ವೆಟರು, ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಅಕ್ಕಮ್ಮ. ಗಂಗಾಧರನ ಹೆಂಡತಿ.

ಚಿನ್ನಿ ಹತ್ತಿರ ಹೋಗಿ ತಲೆ ಬಾಗಿಸಿದಳು. ಬೆಟ್ಟದ ಹಟ್ಟಿಗಳಲ್ಲಿ ಹಿರಿಯರನ್ನು ಕಂಡಾಗ ಮಾಡುವ ಹಾಗೆ. ಅಕ್ಕಮ್ಮ ಲೋಟ ಕೆಳಗಿಟ್ಟು, ಅಂಗೈಯನ್ನು ಅವಳ ನೆತ್ತಿಗೆ ಮುಟ್ಟಿಸಿ, “ಬದುಕು, ಬದುಕು. ಒಳ್ಳಂಗೆ ಇದ್ದೀಯಾ? ಇದೇನಿದು, ಕಪ್ಪೆಗೆ ಚಕ್ರ ಕಟ್ಟಿ ತಂದಂಗಿದೆ?” ಎಂದಳು.

ಚಿನ್ನಿಗೆ ನಗು ಬಂತು. ಅವಳ ಹಟ್ಟಿಯ ಮಕ್ಕಳೂ ಅದಕ್ಕೆ ಕಪ್ಪೆ ಅಂತಲೇ ಹೆಸರಿಟ್ಟಿದ್ದವು. ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗಿಸಿ ಕೂತ ಮೈ, ಮೇಲಕ್ಕೆದ್ದ ಎರಡು ದೀಪಗಳು, ತಲೆಯ ಮೇಲೆ ತಗಡಿನ ಬದಲು ಮಡಚುವ ಕ್ಯಾನ್ವಾಸು. ಅರವತ್ತು ವರ್ಷದ ಹಿಂದೆ ಇಂಗ್ಲೆಂಡಿನಿಂದ ಹಡಗು ಹತ್ತಿ ಬಂದ ಸ್ಪೋರ್ಟ್ಸ್ ಕಾರು. ಕೂನೂರಿನ ಒಂದು ಎಸ್ಟೇಟ್ ಬಂಗಲೆಯ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ಮಲಗಿತ್ತು.

ಚಿನ್ನಿ ಎಂಟು ವರ್ಷ ಎಲೆ ವ್ಯಾನು ಓಡಿಸಿದವಳು. ಕೂನೂರಿನ ಕೆಳಗಿನ ಹಟ್ಟಿಗಳಲ್ಲಿ ಸಣ್ಣ ಬೆಳೆಗಾರರು ಕಿತ್ತಿಟ್ಟ ಚಹಾ ಎಲೆಯ ಮೂಟೆಗಳನ್ನು ಸಂಜೆಯೊಳಗೆ ಫ್ಯಾಕ್ಟರಿಗೆ ಮುಟ್ಟಿಸುವ ಕೆಲಸ. ಎಲೆ ಏಜೆಂಟರು ವ್ಯವಹಾರ ಬಿಟ್ಟು ವ್ಯಾನು ಮಾರಿದರು. ಚಿನ್ನಿಯ ಕೈಯಿಂದ ಸ್ಟಿಯರಿಂಗ್ ಹೋಯಿತು. ಗಂಡ ಸುರೇಂದ್ರನ್ ಫ್ಯಾಕ್ಟರಿಯ ಒಣಗಿಸುವ ವಿಭಾಗದಲ್ಲಿದ್ದ. ಅವನ ಸಂಬಳದಲ್ಲಿ ಮನೆ ನಡೆಯುತ್ತಿತ್ತು, ಆದರೆ ಚಿನ್ನಿಗೆ ಮನೆಯಲ್ಲಿ ಕೂತು ಕೈ ಜೋಮು ಹಿಡಿಯುತ್ತಿತ್ತು. ಅಂಥ ಹೊತ್ತಿನಲ್ಲಿ ಘಟ್ಟದ ಕೆಳಗಿನ ಬೊಕ್ಕಾಪುರಂನ ರೆಸಾರ್ಟೊಂದರ ಮ್ಯಾನೇಜರ್ ಬಾಲಸುಬ್ರಮಣಿಯನ್ ಒಂದು ಮಾತು ಹೇಳಿದ. ಮದುವೆಗೆ ಮುಂಚೆ ಫೋಟೋ ತೆಗೆಸಿಕೊಳ್ಳಲು ಕೊಯಮತ್ತೂರಿಂದ, ಮೈಸೂರಿಂದ ಜೋಡಿಗಳು ಬರುತ್ತವೆ. ಹಳೆಯ ಓಪನ್ ಕಾರಿದ್ದರೆ ಈ ಬೇಸಿಗೆ ಪೂರ್ತಿ ಬಾಡಿಗೆ ಗ್ಯಾರಂಟಿ. ಚಿನ್ನಿಗೆ ಬಂಗಲೆಯ ಶೆಡ್ಡು ನೆನಪಾಯಿತು. ಬಂಗಲೆಯ ಯಜಮಾನಿ ಕಾರು ಮಾರುವುದಿಲ್ಲ ಎಂದಳು. ಬೇಕಿದ್ದರೆ ರಿಪೇರಿ ನಿನ್ನದು, ಬಂದ ಬಾಡಿಗೆಯಲ್ಲಿ ಅರ್ಧ ನಿನಗೆ, ಐದು ವರ್ಷ ಓಡಿಸಿಕೋ ಎಂದಳು.

ಹಾಗಾಗಿ ಎಲ್ಲವೂ ರಿಪೇರಿಯ ಖರ್ಚಿನ ಮೇಲೆ ನಿಂತಿತ್ತು. ಚಿನ್ನಿಯ ಹತ್ತಿರ ಚೀಟಿ ಕಟ್ಟಿ ಎತ್ತಿದ ಅರವತ್ತು ಸಾವಿರ ಇತ್ತು. ತನ್ನದಲ್ಲದ ಕಾರಿನ ಹೊಟ್ಟೆಗೆ ಅದನ್ನು ಸುರಿಯಬೇಕು. ಸಾಲದೆ ಹೋದರೆ ಅರ್ಧ ಬಿಚ್ಚಿದ ಕಾರು ಬಂಗಲೆಗೆ ವಾಪಸ್, ಹಣ ಗಾಳಿಗೆ.

“ಎಂಟು ವರ್ಷ ಎಲೆ ವ್ಯಾನು ಓಡಿಸಿದೀನಿ. ಎನ್ನ ಹತ್ರ ಅರವತ್ತೇ ಇರೋದು ಮಾಮಿ,” ಎಂದಳು ಚಿನ್ನಿ. “ಫೋಟೋಗೆ ರೆಸಾರ್ಟ್‌ನವರಿಗೆ ಬಾಡಿಗೆ ಓಡಿಸ್ಬೇಕು. ಆಗೋದಾದ್ರೆ ಆಗುತ್ತೆ ಅನ್ನು, ಇಲ್ಲಾಂದ್ರೆ ಈಗಲೇ ಇಲ್ಲ ಅನ್ನು. ಅರ್ಧ ದಾರೀಲಿ ಕೈ ಬಿಡಬೇಡ.”

“ಇಲ್ಲ ಅನ್ನೋದು ಎನಗೆ ಸುಲಭ. ಹೌದು ಅನ್ನೋಕೆ ಬಗ್ಗಿ ನೋಡ್ಬೇಕು,” ಎಂದು ಅಕ್ಕಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದಳು.

ಸ್ವೆಟರಿನ ಜೇಬಿನಿಂದ ಎರಡು ತುಂಡು ಸೀಮೆಸುಣ್ಣ ಹೊರಬಂದವು. ಕೆಂಪು ಎಂದರೆ ಮಾಡದೆ ಓಡಿಸಬಾರದು. ಬಿಳಿ ಎಂದರೆ ಮಾಡಿದರೆ ಒಳ್ಳೆಯದು, ಕಾಯಬಹುದು. ಯಾವ ಗುರುತೂ ಇಲ್ಲದ್ದು ಹಾಗೇ ನಡೆಯುತ್ತದೆ. ಯಾವ ಭಾಗಕ್ಕೆ ಎಷ್ಟು ಎಂದು ಆ ಭಾಗದ ಮೇಲೇ ಬರೆಯುವುದು ಅವಳ ಕ್ರಮ. ಕಾಗದದಲ್ಲಿ ಕೊಟ್ಟರೆ ಜನ ಕೊನೆಯ ಸಾಲನ್ನು ಮಾತ್ರ ನೋಡಿ ಎದೆ ಹಿಡಿದುಕೊಳ್ಳುತ್ತಾರೆ, ಗಾಡಿಯ ಮೇಲೆ ಬರೆದರೆ ಗಾಡಿಯನ್ನು ನೋಡುತ್ತಾರೆ ಎನ್ನುತ್ತಿದ್ದಳು. ಇನ್ನೊಂದು ಅನುಕೂಲವೂ ಇತ್ತು. ಮಧ್ಯಾಹ್ನ ಮಂಜು ಇಳಿದರೆ ಸುಣ್ಣ ಕರಗುತ್ತದೆ. ಅಷ್ಟರೊಳಗೆ ಗಿರಾಕಿ ತೀರ್ಮಾನ ಮಾಡಲೇಬೇಕು.

ಅಕ್ಕಮ್ಮ ಬಾಗಿಲ ಕೆಳಗಿನ ತಗಡನ್ನು ಬೆರಳ ಗೆಣ್ಣಿನಿಂದ ತಟ್ಟುತ್ತ ಹೋದಳು. ಟಣ್, ಟಣ್, ಆಮೇಲೆ ಡಬ್. ಡಬ್ ಎಂದ ಕಡೆ ನಿಂತು ಹೆಬ್ಬೆರಳು ಒತ್ತಿದಳು. ತಗಡು ಹಪ್ಪಳದಂತೆ ಮುರಿದು ಬೆರಳು ಒಳಗೇ ಹೋಯಿತು. “ಕೂತ್ರೆ ಕೂತಲ್ಲೇ ರೋಡು ಕಾಣುತ್ತೆ,” ಎಂದು ಕೆಂಪಿನಲ್ಲಿ ‘ತುಕ್ಕು, ವೆಲ್ಡಿಂಗ್ 22,000’ ಬರೆದಳು. ಗಂಗಾಧರ ಬ್ರೇಕ್ ಪೆಡಲನ್ನು ಒತ್ತಿ ತಲೆಯಲ್ಲಾಡಿಸಿದ. ಅದು ಸ್ಪಂಜಿನಂತೆ ನೆಲ ಮುಟ್ಟಿತ್ತು. ‘ಬ್ರೇಕ್ 16,000’, ಕೆಂಪು. ಡ್ಯಾಶ್‌ಬೋರ್ಡಿನ ಹಿಂದೆ ಇಲಿ ಗೂಡು ಕಟ್ಟಿ ವೈರಿನ ಸಿಪ್ಪೆಯನ್ನು ಹಾಸಿಗೆ ಮಾಡಿಕೊಂಡಿತ್ತು. ‘ವೈರಿಂಗ್ 9,000’, ಕೆಂಪು.

“ಬೆಂಕಿ, ಬ್ರೇಕು, ನೆಲ. ಈ ಮೂರರಲ್ಲಿ ಚೌಕಾಸಿ ಇಲ್ಲ,” ಎಂದಳು.

ಚಿನ್ನಿ ಮನಸ್ಸಿನಲ್ಲೇ ಕೂಡಿದಳು. ನಲವತ್ತೇಳು. ಕೈಯಲ್ಲಿ ಉಳಿಯುವುದು ಹದಿಮೂರು.

ಆಮೇಲೆ ಬಿಳಿ ಸುಣ್ಣದ ಸರದಿ. ಕ್ಲಚ್ಚು ಹದಿನಾಲ್ಕು ಸಾವಿರ. “ಮೂಟೆ ಹೊತ್ತ ವ್ಯಾನು ಓಡಿಸಿದ ಕಾಲು ನಿನ್ನದು. ನಿನ್ನ ಕಾಲಿಗೆ ಇನ್ನೊಂದು ವರ್ಷ ಬರುತ್ತೆ. ಬೇರೆಯವರು ಓಡಿಸಿದ್ರೆ ಒಂದು ತಿಂಗಳು.” ಕ್ಯಾನ್ವಾಸು ಹನ್ನೊಂದು ಸಾವಿರ. “ಫೋಟೋ ತೆಗೆಯೋವ್ರಿಗೆ ತಲೆ ಮೇಲೆ ಮಾಡು ಬೇಡ, ಮಳೆಗಾಲಕ್ಕೆ ಹೊಲಿಸಿಕೋ.” ರೇಡಿಯೇಟರಿನ ಮುಂದೆ ಸ್ವಲ್ಪ ಹೊತ್ತು ನಿಂತಳು. ಒಳಗೆ ಪಾಚಿ ಕಟ್ಟಿತ್ತು. “ಹೊಸದಕ್ಕೆ ಎಂಟು ಸಾವಿರ. ಕಾಯಬಹುದು ಬಿಡು,” ಎಂದು ಬಿಳಿ ಗೆರೆ ಎಳೆದಳು. ಕೆಟ್ಟಿದ್ದ ಶಾಖದ ಮೀಟರಿಗೆ ಗುರುತೇ ಹಾಕಲಿಲ್ಲ. ಎಂಜಿನ್ನಿನ ಕೆಳಗೆ ತೊಟ್ಟಿಕ್ಕುತ್ತಿದ್ದ ಆಯಿಲ್ಲಿಗೂ ಇಲ್ಲ. “ಈ ಜಾತಿ ಗಾಡಿಗಳು ಹುಟ್ಟುವಾಗಲೇ ಹಿಂಗೆ. ಕೆಳಗೊಂದು ತಟ್ಟೆ ಇಡು.”

ಅಷ್ಟರಲ್ಲಿ ಚಿನ್ನಿಯ ಮೂರು ವರ್ಷದ ಮಗಳು ಮೋನಿಷಾ ಬಿಳಿ ತುಂಡೊಂದನ್ನು ಹೆಕ್ಕಿ ಹಿಂದಿನ ಬಂಪರಿನ ಮೇಲೆ ಸೊಟ್ಟ ಸೊನ್ನೆ ಬರೆದಿದ್ದಳು. ಚಿನ್ನಿ ಗದರಲು ಬಾಯಿ ತೆರೆದಳು. ಅಕ್ಕಮ್ಮ ಗಂಭೀರವಾಗಿ ಬಗ್ಗಿ ನೋಡಿ, “ಇದಕ್ಕೆ ಎಷ್ಟಾಗುತ್ತೆ ಕೂಸೇ?” ಎಂದು ಕೇಳಿದಳು.

“ಹತ್ತು ರೂಪಾಯಿ!”

“ಜಾಸ್ತಿಯಾಯ್ತು. ಆದ್ರೂ ಕೊಡೋಣ.”

ಮಂಜು ಬರುವುದರೊಳಗೆ ಚಿನ್ನಿ ಹೂಂ ಅಂದಳು. ಕೆಂಪು ಮಾತ್ರ.

ಮಂಜಿಗೆ ಸುಣ್ಣ ಅಳಿಯದಂತೆ ಕಾರನ್ನು ಒಳಗೆ ತಳ್ಳಿದರು. ಅದು ಗ್ಯಾರೇಜಿನಲ್ಲಿದ್ದಷ್ಟು ದಿನವೂ ಚಿನ್ನಿ ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಕೂನೂರಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಅಕ್ಕಮ್ಮನ ಕತೆ ಅವಳಿಗೆ ತುಂಡುತುಂಡಾಗಿ ಸಿಕ್ಕಿದ್ದು ಆಗಲೇ.

ಗಂಗಾಧರನ ಕೈಯಲ್ಲಿ ಸರಸ್ವತಿ ಇದ್ದಳು, ಬಾಯಲ್ಲಿ ಯಾರೂ ಇರಲಿಲ್ಲ. ಎಷ್ಟಾಯಿತು ಎಂದು ಕೇಳಿದರೆ ನೆಲ ನೋಡಿ, “ಕೊಡೋದು ಕೊಡಿ,” ಎನ್ನುತ್ತಿದ್ದ. ಕೊಡುವವರು ಕೊಡಬಹುದಾದಷ್ಟು ಕಡಿಮೆ ಕೊಟ್ಟರು. ಒಂದು ಸಲ ಗಿಯರ್‌ಬಾಕ್ಸ್ ಇಳಿಸಿ ಏರಿಸಿದ್ದಕ್ಕೆ ಒಬ್ಬ ಒಂದು ಚೀಲ ಬೀಟ್‌ರೂಟ್ ಇಟ್ಟು ಹೋದ. ಆ ದಿನ ಊಟದ ಬುತ್ತಿ ತಂದಿದ್ದ ಅಕ್ಕಮ್ಮ, ಮಗ ಹರೀಶನನ್ನು ಸೊಂಟದಲ್ಲಿಟ್ಟುಕೊಂಡೇ ರಸ್ತೆಗೆ ಓಡಿ ಜೀಪಿಗೆ ಅಡ್ಡ ನಿಂತಳಂತೆ. “ಬೀಟ್‌ರೂಟ್ ನಿಮ್ಮ ಪ್ರೀತಿ. ಈಗ ಕೂಲಿ ಕೊಡಿ.” ಎಷ್ಟು ಎಂದ ಅವನು. ಅವಳಿಗೂ ಗೊತ್ತಿರಲಿಲ್ಲ. ಅಲ್ಲೇ ನಿಂತು ಗಂಡನನ್ನು ಕೇಳಿದಳು. ಯಾವುದು ಬಿಚ್ಚಿದೆ, ಯಾವುದು ಹಾಕಿದೆ, ಯಾವುದಕ್ಕೆ ಎಷ್ಟು ಹೊತ್ತಾಯಿತು? ಒಂದೊಂದೇ ಕೇಳಿ ಒಂದೊಂದಕ್ಕೂ ಬೆಲೆ ಕಟ್ಟಿದಳು. ಅವತ್ತಿನಿಂದ ಬುತ್ತಿ ತಂದವಳು ವಾಪಸ್ ಹೋಗಲಿಲ್ಲ. ಮಗ ಟೈರಿನೊಳಗೆ ಮಲಗಿ ಬೆಳೆದ, ಈಗ ತಿರುಪ್ಪೂರಿನಲ್ಲಿ ಲಾರಿ ಶೋರೂಮಿನಲ್ಲಿದ್ದಾನೆ. ತಾಯಿ ಇಪ್ಪತ್ತೈದು ವರ್ಷದಿಂದ ಅದೇ ಟೈರಿನ ಮೇಲೆ ಕೂತಿದ್ದಾಳೆ.

“ಒಂದು ಸಲ ಹೇಳಿದ್ಮೇಲೆ ಅದರ ಮೇಲೆ ಒಂದು ರೂಪಾಯಿ ಕೇಳಲ್ಲ,” ಎಂದ ಗಂಗಾಧರ ಒಮ್ಮೆ, ಕಾರಿನ ಕೆಳಗಿನಿಂದಲೇ. ಅವನು ಅಷ್ಟು ಉದ್ದದ ಮಾತಾಡಿದ್ದನ್ನು ಚಿನ್ನಿ ಮೊದಲ ಬಾರಿ ಕೇಳಿದ್ದು. “ಕಮ್ಮಿ ಹೇಳಿದ್ರೆ ನಷ್ಟ ನಮ್ಮದೇ. ಹಂಗಾಗಿ ಅವಳು ಕಮ್ಮಿ ಹೇಳಲ್ಲ. ಜಾಸ್ತಿ ಹೇಳೋಕೆ ಅವಳಿಗೆ ನಾಚಿಕೆ.”

ಇಷ್ಟೆಲ್ಲ ಗೊತ್ತಿದ್ದವಳಿಗೆ ಕಾರು ಓಡಿಸಲು ಬರುತ್ತಿರಲಿಲ್ಲ ಎಂಬುದು ಇನ್ನೊಂದು ತಮಾಷೆ. ಓಡಿಸುವುದಿರಲಿ, ಘಟ್ಟದ ರಸ್ತೆಯಲ್ಲಿ ಕೂರಲೂ ಆಗುತ್ತಿರಲಿಲ್ಲ. ಎರಡು ತಿರುವು ಬಂದರೆ ಹೊಟ್ಟೆಯಲ್ಲಿದ್ದದ್ದು ಬಾಯಿಗೆ. ಕೆಳಗಿನ ನೆಂಟರ ಮದುವೆಗೂ ಅವಳು ಹೋಗುವುದಿಲ್ಲ, ಉಡುಗೊರೆ ಕಳಿಸುತ್ತಾಳೆ.

ಕೆಲಸ ಮುಗಿದ ದಿನ ಬಿಲ್ಲು ನಲವತ್ತೇಳು ಸಾವಿರವೇ. ಗಂಗಾಧರ ಎಂಜಿನ್ ಚಾಲೂ ಮಾಡಿ, ಕಿವಿಯಿಟ್ಟು ಕೇಳಿ, ಪೆಟ್ರೋಲಿಗೆ ಗಾಳಿ ಬೆರೆಸುವ ಎರಡು ಕಾರ್ಬುರೇಟರುಗಳ ತಿರುಪನ್ನು ಒಂದಿಷ್ಟು ತಿರುಗಿಸಿದ. “ಊಟಿ ಗಾಳಿಗೆ ಹದ ಮಾಡಿದೀನಿ. ಇದಕ್ಕೆ ಕಾಸಿಲ್ಲ.” ಗ್ಯಾರೇಜಿಗೆ ಬಂದ ಯಾವ ಹಳೆಯ ಗಾಡಿಗೂ ಅವನು ಹಾಗೆ ಮಾಡಿಯೇ ಕಳಿಸುತ್ತಿದ್ದ, ಊಟಕ್ಕೆ ಕೂರುವ ಮುಂಚೆ ಕೈ ತೊಳೆದಂತೆ. ಕಪ್ಪೆ ಬೆಕ್ಕಿನಂತೆ ಗುರುಗುಟ್ಟಿತು. ಚಿನ್ನಿ ಕೆರೆಯವರೆಗೆ ಓಡಿಸಿ ಬಂದಳು. ದಾರಿಯುದ್ದ ಜನ ತಿರುಗಿ ನೋಡಿದರು. ಅಕ್ಕಮ್ಮ ಒದ್ದೆ ಬಟ್ಟೆಯಿಂದ ಕೊನೆಯ ಕೆಂಪು ಗುರುತನ್ನು ಒರೆಸಿದಳು. ಬಂಪರಿನ ಮೇಲಿನ ಸೊಟ್ಟ ಸೊನ್ನೆಯನ್ನು ಮಾತ್ರ ಹಾಗೇ ಬಿಟ್ಟಳು. ಆಮೇಲೆ ಬಾನೆಟ್ಟಿಗೆ ಅಂಗೈ ಮುಟ್ಟಿಸಿ, ಮನುಷ್ಯರಿಗೆ ಹೇಳುವಂತೆಯೇ, “ಬದುಕು,” ಎಂದಳು.

ಕಲ್ಹಟ್ಟಿ ಘಟ್ಟದ ಮೂವತ್ತಾರು ತಿರುವುಗಳನ್ನು ಕಪ್ಪೆ ಸಲೀಸಾಗಿ ಇಳಿಯಿತು. ಇಳಿಜಾರಿನಲ್ಲಿ ಎಂಜಿನ್ನಿಗೆ ಕೆಲಸವೇ ಇರಲಿಲ್ಲ, ಬ್ರೇಕು ಕಲ್ಲಿನಂತೆ ಹಿಡಿಯಿತು. ತೊಂದರೆ ಶುರುವಾಗಿದ್ದು ಕೆಳಗೆ. ಮಸಿನಗುಡಿಯಲ್ಲಿ ಬಿಸಿಲು ನೆತ್ತಿ ಸುಡುತ್ತಿತ್ತು. ಮೊದಲ ಜೋಡಿ ಬರಲು ಇನ್ನೆರಡು ದಿನ ಇತ್ತು. ಒಂದು ರೌಂಡು ಹೋಗಿ ನೋಡೋಣ ಎಂದು ಬಾಲಸುಬ್ರಮಣಿಯನ್ ಕಪ್ಪು ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತ. ಬೊಕ್ಕಾಪುರಂ ರಸ್ತೆಯಲ್ಲಿ ಎರಡು ಕಿಲೋಮೀಟರು ಹೋಗುವುದರೊಳಗೆ ಕಾರು ಕೆಮ್ಮಿತು. ಕಾಲು ಒತ್ತಿದರೆ ಪಟ್ ಪಟ್ ಎಂದು ಸಿಡಿದು ಮುಗ್ಗರಿಸಿತು. ಆಮೇಲೆ ಬಾನೆಟ್ಟಿನ ಸಂದಿಯಿಂದ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂತೆ ಹಬೆ.

ಬಾಲಸುಬ್ರಮಣಿಯನ್ ಕನ್ನಡಕ ತೆಗೆದ. “ಏನಮ್ಮಾ ಇದು, ಮದುವೆ ಮಾಪಿಳ್ಳೆ ಕಾರು ತಳ್ಳಿಕೊಂಡು ಫೋಟೋ ತೆಗೆಸ್ಬೇಕಾ?”

ಕಾರನ್ನು ತಳ್ಳಿಕೊಂಡೇ ಮಸಿನಗುಡಿಯ ಮಾದನ್‌ನ ಶೆಡ್ಡಿಗೆ ತಂದರು. ಜೀಪುಗಳನ್ನು ಬಿಚ್ಚಿ ಪಳಗಿದವನು. ಅವನು ಕೈ ಸುಟ್ಟುಕೊಳ್ಳುತ್ತ ಎಲ್ಲ ನೋಡಿ, ಮುಖ ಸಣ್ಣದು ಮಾಡಿ ಹೇಳಿದ: “ರೇಡಿಯೇಟರ್ ಕಟ್ಟಿದೆ ಅಕ್ಕ. ಅದರ ಜೊತೆಗೆ ಈ ಸಿಡಿಯೋದು ನೋಡಿದ್ರೆ ಒಳಗೂ ಏನೋ ಹೋಗಿದೆ. ಎಂಜಿನ್ ಇಳಿಸ್ಬೇಕಾಗುತ್ತೆ. ಎಪ್ಪತ್ತು ಸಾವಿರಕ್ಕೆ ಕಮ್ಮಿ ಇಲ್ಲ. ಇಂಥ ಗಾಡಿ ನಾನು ಮುಟ್ಟಿಲ್ಲ, ಸುಳ್ಳು ಹೇಳಲ್ಲ.”

ಚಿನ್ನಿಯ ಹತ್ತಿರ ಉಳಿದಿದ್ದು ಹದಿಮೂರು ಸಾವಿರ.

ಮರುದಿನ ಬೆಳಗಿನ ಮೊದಲ ಬಸ್ಸಿಗೆ ಅವಳು ಮೇಲೆ ಹತ್ತಿದಳು. ಫಿಂಗರ್‌ಪೋಸ್ಟಿನಲ್ಲಿ ಇಳಿದವಳು ನೇರ ಹೋಗಿ ಅಕ್ಕಮ್ಮನ ಮುಂದೆ ನಿಂತಳು. ತಲೆ ಬಾಗಿಸಲಿಲ್ಲ. ಬೆನ್ನಲ್ಲಿದ್ದ ಮೋನಿಷಾ ಮಾತ್ರ ಅಭ್ಯಾಸದಂತೆ ತಲೆ ಮುಂದೆ ಚಾಚಿದಳು. ಅಕ್ಕಮ್ಮ ಮಗುವಿನ ನೆತ್ತಿ ಮುಟ್ಟಿ, ತಾಯಿಯ ಮುಖ ನೋಡಿ ಕೈ ಹಿಂದೆ ತೆಗೆದುಕೊಂಡಳು.

“ಅರ್ಧ ದಾರೀಲಿ ಕೈ ಬಿಡಬೇಡ ಅಂದಿದ್ದೆ ಮಾಮಿ. ಗಾಡಿಗೆ ಹಚ್ಚೋ ಸುಣ್ಣ ಎನ್ನ ಮುಖಕ್ಕೆ ಹಚ್ಚಿಬಿಟ್ಟೆಯಲ್ಲ!” ಸಿಡಿದದ್ದು, ಹಬೆ, ಎಪ್ಪತ್ತು ಸಾವಿರ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

ಅಕ್ಕಮ್ಮ ಅಡ್ಡ ಮಾತಾಡದೆ ಕೇಳಿದಳು. ಕೊನೆಗೆ, “ಯಾವ ರೋಡಲ್ಲಿ ಆಯ್ತು ಇದು?” ಎಂದಳು.

“ಬೊಕ್ಕಾಪುರಂ ರೋಡಲ್ಲಿ. ರೆಸಾರ್ಟು ಇರೋದೇ ಅಲ್ಲಿ.”

ಜೀಪಿನ ಕೆಳಗಿದ್ದ ಗಂಗಾಧರನ ಸ್ಪ್ಯಾನರ್ ಸದ್ದು ನಿಂತಿತು. ಅವನು ಹೊರಗೆ ಬಂದು ಹೆಂಡತಿಯನ್ನು ನೋಡಿದ. ಅಕ್ಕಮ್ಮ ನಿಧಾನವಾಗಿ ಟೈರಿನ ಮೇಲೆ ಕೂತಳು.

“ರೆಸಾರ್ಟು ಅಂದೆ. ನಾ ಊಟೀದೇ ಅಂದ್ಕೊಂಡೆ,” ಎಂದಳು. “ಕೇಳ್ಲೇ ಇಲ್ಲ ಚಿನ್ನಿ. ಇಪ್ಪತ್ತೈದು ವರ್ಷ ಆಯ್ತು, ಒಬ್ಬರನ್ನೂ ಎಲ್ಲಿ ಓಡಿಸ್ತೀರಿ ಅಂತ ಕೇಳಿಲ್ಲ. ಬರೋವ್ರೆಲ್ಲ ಮೇಲಿನವರೇ.”

ಚಿನ್ನಿಗೆ ತಕ್ಷಣ ಅರ್ಥವಾಗಲಿಲ್ಲ. ಅಕ್ಕಮ್ಮ ಅವಳ ಬೆನ್ನಿನ ಮಗುವನ್ನು ತೋರಿಸಿ ಹೇಳಿದಳು: “ಕೂಸಿಗೆ ಹೊಟ್ಟೆ ಸರಿಯಿಲ್ಲದಾಗ ಗಂಜಿ ತೆಳ್ಳಗೆ ಮಾಡ್ತೀಯಲ್ಲ? ಮೇಲೆ ಗಾಳಿ ತೆಳು. ಇವರು ಪೆಟ್ರೋಲನ್ನೂ ತೆಳ್ಳಗೆ ಕುಡಿಯೋ ಹಂಗೆ ತಿರುಪು ಕಟ್ಟಿದ್ರು. ಕೆಳಗೆ ಗಾಳಿ ದಪ್ಪ, ಬಿಸಿಲು ಬೇರೆ. ಅಲ್ಲೂ ಅದೇ ತೆಳು ಗಂಜಿ ಕೊಟ್ರೆ ಹಸಿದು ಕಿರುಚುತ್ತೆ, ಮೈ ಬಿಸಿಯಾಗುತ್ತೆ. ರೇಡಿಯೇಟರ್ ಕೆಲಸ ಕಾಯಬಹುದು ಅಂತ ಬಿಳಿ ಹಾಕಿದ್ದೂ ನಾನೇ. ಈ ಚಳೀಲಿ ಕಾಯಬಹುದು. ಅಲ್ಲಿ ಅದು ಕೆಂಪು.”

“ಹಂಗಾದ್ರೆ ಎಂಜಿನ್ ಹೋಗಿಲ್ವಾ?”

“ಹೋಗಿಲ್ಲ ಅನ್ಸುತ್ತೆ. ನೋಡದೆ ಹೇಳಲ್ಲ.”

ಗಂಗಾಧರ ಆಗಲೇ ಕೈ ಒರೆಸಿಕೊಂಡು ಸ್ಪ್ಯಾನರುಗಳನ್ನು ಚೀಲಕ್ಕೆ ಹಾಕುತ್ತಿದ್ದ. “ನೀ ಇರು, ನಾ ಹೋಗಿ ಬರ್ತೀನಿ. ಘಟ್ಟ ನಿನಗಾಗಲ್ಲ.”

“ತಿರುಪು ತಿರುಗಿಸೋದು ನಿಮ್ಮ ಕೆಲಸ. ಮಾತು ಕೊಟ್ಟಿದ್ದು ನಾನು,” ಎಂದು ಅಕ್ಕಮ್ಮ ಎದ್ದಳು. ಪಕ್ಕದ ಅಂಗಡಿಯಿಂದ ಒಂದು ನಿಂಬೆಹಣ್ಣು ತಂದಳು, ಜೇಬಿನಲ್ಲಿ ಸೀಮೆಸುಣ್ಣ ಇದೆಯೇ ಎಂದು ತಡವಿ ನೋಡಿಕೊಂಡಳು.

ತಲೈಕುಂದ ದಾಟಿ ಬಸ್ಸು ಘಟ್ಟಕ್ಕೆ ತಿರುಗುವವರೆಗೆ ನಿಂಬೆ ಕೆಲಸ ಮಾಡಿತು. ಅಲ್ಲಿಂದ ಮುಂದೆ ಯಾವ ಹಣ್ಣೂ ಸಾಕಾಗಲಿಲ್ಲ. ನಾಲ್ಕನೆಯ ತಿರುವಿಗೆ ಅಕ್ಕಮ್ಮನ ಮುಖ ಬಿಳುಚಿತು, ಆರನೆಯದಕ್ಕೆ ಕಿಟಕಿಗೆ ತಲೆ ಹಾಕಿದಳು. ಕಂಡಕ್ಟರು ಪ್ಲಾಸ್ಟಿಕ್ ಚೀಲ ಕೊಟ್ಟ. ಮೋನಿಷಾ ಕುತೂಹಲದಿಂದ ನೋಡುತ್ತ, “ಹೆತ್ತೆ ವಾಂತಿ,” ಅಜ್ಜಿಗೆ ವಾಂತಿ ಎಂದು ಇಡೀ ಬಸ್ಸಿಗೆ ಕೇಳುವಂತೆ ಸಾರಿದಳು.

ಚಿನ್ನಿಯ ಸಿಟ್ಟು ಯಾವ ತಿರುವಿನಲ್ಲಿ ಇಳಿದು ಹೋಯಿತೋ ಅವಳಿಗೇ ತಿಳಿಯಲಿಲ್ಲ. ಮಗುವಿಗೆ ಹಿಡಿಯುವಂತೆ ಒಂದು ಕೈಯಲ್ಲಿ ಅಕ್ಕಮ್ಮನ ಹಣೆ ಹಿಡಿದು, ಇನ್ನೊಂದರಲ್ಲಿ ಬೆನ್ನು ಸವರುತ್ತ ಕೂತಳು. ಸ್ವೆಟರಿನ ಕೆಳಗೆ ಆ ಬೆನ್ನು ಎಷ್ಟು ಸಣ್ಣದಿತ್ತು! ಇದೇ ಬೆನ್ನು ಜೀಪಿಗೆ ಅಡ್ಡ ನಿಂತಿದ್ದು ಎಂದುಕೊಂಡಳು.

“ಇನ್ನೆಷ್ಟಿವೆ?” ಎಂದಳು ಅಕ್ಕಮ್ಮ ಕಣ್ಣು ಮುಚ್ಚಿಕೊಂಡೇ.

“ಕೇಳಬೇಡ ಮಾಮಿ.”

“ಒಂದೊಂದು ತಿರುವಿಗೆ ಇಷ್ಟು ಅಂತ ನಿನ್ನ ಹತ್ರ ವಸೂಲಿ ಮಾಡ್ತೀನಿ ನೋಡು.”

ಮಾದನ್‌ನ ಶೆಡ್ಡು ತಲುಪಿದಾಗ ಅಕ್ಕಮ್ಮ ನಲ್ಲಿಗೆ ಬಾಯಿ ಕೊಟ್ಟು ಮುಖ ತೊಳೆದು, ಒಂದು ಗುಟುಕು ನೀರು ಕುಡಿದು, ಸೆರಗು ಸಿಕ್ಕಿಸಿದಳು. ಸುದ್ದಿ ತಿಳಿದು ಬಾಲಸುಬ್ರಮಣಿಯನ್ ಕೂಡ ಬಂದಿದ್ದ. ಅವಳು ಮೊದಲು ಆಯಿಲ್ ಮುಚ್ಚಳ ತೆಗೆಸಿ ಅದರ ಒಳಮೈಗೆ ಬೆರಳು ಒರೆಸಿ ಬೆಳಕಿಗೆ ಹಿಡಿದಳು. ನೀರು ಬೆರೆತಿದ್ದರೆ ಬೆಣ್ಣೆಯಂತೆ ನೊರೆ ಇರಬೇಕಿತ್ತು. ಇರಲಿಲ್ಲ, ಬೆರಳಿಗೆ ಕಪ್ಪು ಮಾತ್ರ ಹತ್ತಿತು. ಆಮೇಲೆ, “ಪ್ಲಗ್ಗು ತೆಗಿ ತಮ್ಮ,” ಎಂದಳು.

ಮಾದನ್ ತೆಗೆದು ಅಂಗೈ ಮೇಲಿಟ್ಟ. ತುದಿ ಸುಟ್ಟ ಎಲುಬಿನಂತೆ ಬಿಳಿ, ಪೆಟ್ರೋಲು ಸಾಲದ ಗುರುತು.

“ನಿನ್ನೆಯೇ ನೋಡಿದ್ದೆ ಅಕ್ಕ. ಬೆಳ್ಳಗಿದೆಯಲ್ಲ ಅಂತ ಅನ್ನಿಸ್ತು, ತಲೆ ಮುಂದೆ ಓಡಲಿಲ್ಲ.”

“ಎಂಜಿನ್ ಹೋಗಿಲ್ಲ. ನೀ ರೇಡಿಯೇಟರ್ ಹೇಳಿದ್ದು ಸರಿ. ಅದು ನಾನು ಹೇಳ್ಬೇಕಾಗಿದ್ದು,” ಎಂದಳು ಅಕ್ಕಮ್ಮ. “ಇದನ್ನ ಇವತ್ತೇ ಬಿಚ್ಚಿ ಸರಿ ಮಾಡೋಕೆ ಆಗುತ್ತಾ?”

“ಹೊಸದು ಬೇಡ ಅಕ್ಕ. ಒಳಗೆ ರಾಡ್ ಹಾಕಿ ತೊಳೆದು, ಸೋರೋ ಕಡೆ ಬೆಸುಗೆ ಹಾಕಬಹುದು. ಸಂಜೆ ಆಗುತ್ತೆ. ನನಗೆ ಎರಡು ಸಾವಿರ ಸಾಕು.”

ಅಕ್ಕಮ್ಮ ಜೇಬಿನಿಂದ ಕೆಂಪು ಸುಣ್ಣ ತೆಗೆದು, ಹಸಿರು ಬಾನೆಟ್ಟಿನ ನಡುಮಧ್ಯ, ದೊಡ್ಡದಾಗಿ, ‘ರೇಡಿಯೇಟರ್ 2,000. ಶಾಖದ ಮೀಟರ್ 1,200. ಅಕ್ಕಮ್ಮ ಕೊಡಬೇಕು’ ಎಂದು ಬರೆದಳು.

“ಬೇಡ ಮಾಮಿ,” ಎಂದಳು ಚಿನ್ನಿ. “ರೇಡಿಯೇಟರ್‌ಗೆ ಕಾಸಾಗುತ್ತೆ ಅಂತ ನೀ ಅವತ್ತೇ ಬರೆದಿದ್ದೆ.”

“ಬಿಳೀಲಿ ಬರೆದಿದ್ದೆ. ನೀ ಬಿಳಿ ನಂಬಿ ಇಳಿದೆ. ಕೆಂಪಿಗೆ ಹೊಂದಿಸೋವಷ್ಟು ನಿನ್ನ ಹತ್ರ ಅವತ್ತು ಇತ್ತು. ಕೊಡದೆ ಇರೋ ಹಂಗೆ ಮಾಡಿದ್ದು ನಾನು.”

ಬಾಲಸುಬ್ರಮಣಿಯನ್ ಕೆಮ್ಮಿದ. “ಸರಿಯಾಗುತ್ತಲ್ಲ ಅಮ್ಮ, ಅದೇ ಸಾಕು. ಇದನ್ನೆಲ್ಲ ಇಷ್ಟು ದೊಡ್ಡದಾಗಿ ಬರೀಬೇಕಾ? ನಾಲ್ಕು ಜನ ನೋಡ್ತಾರೆ.”

“ಬೇರೆಯವರ ಗಾಡಿ ಹುಳುಕನ್ನ ನಾಲ್ಕು ಜನದ ಮುಂದೆ ಬರೀತೀನಲ್ಲ ಸಾರ್, ಎನ್ನದು ಮಾತ್ರ ಒಳಗಿಟ್ಕೊಳ್ಳಲಾ?” ಎಂದು ಅಕ್ಕಮ್ಮ ಕೈಗಂಟಿದ ಸುಣ್ಣವನ್ನು ಸೆರಗಿಗೆ ಒರೆಸಿಕೊಂಡಳು.

ಅವನು ನಕ್ಕ. ಆಮೇಲೆ ಏನು ತೋಚಿತೋ, ಮೊಬೈಲು ತೆಗೆದು ಬಾನೆಟ್ಟಿನ ಫೋಟೋ ತೆಗೆದುಕೊಂಡ. “ಬರೋ ಜೋಡಿಗೆ ತೋರಿಸ್ತೀನಿ. ಒಬ್ಬರ ಹುಳುಕು ಒಬ್ಬರು ಮದುವೆಗೆ ಮುಂಚೆ ನೋಡಿಕೊಳ್ಳಲಿ.”

ಗಂಗಾಧರ ಮತ್ತು ಮಾದನ್ ಮಧ್ಯಾಹ್ನವಿಡೀ ಒಂದೇ ಬಾನೆಟ್ಟಿನೊಳಗೆ ತಲೆಯಿಟ್ಟುಕೊಂಡು ಕೆಲಸ ಮಾಡಿದರು. ಗಂಗಾಧರ ಮಾತಾಡದೆ ತಿರುಪನ್ನು ಎಷ್ಟು ತಿರುಗಿಸಬೇಕು, ಎಂಜಿನ್ನಿನ ದನಿ ಎಲ್ಲಿ ಬದಲಾಗುತ್ತದೆ ಎಂಬುದನ್ನು ಮಾದನ್‌ನ ಕೈಯಲ್ಲೇ ಮಾಡಿಸಿದ. ಬಿಸಿಲು ಇಳಿಯುವ ಮೊದಲು ಓಡಿಸಿ ನೋಡಲೇಬೇಕು ಎಂದಳು ಅಕ್ಕಮ್ಮ. ಬಿಸಿಲಲ್ಲಿ ಕೆಟ್ಟಿದ್ದು ಬಿಸಿಲಲ್ಲೇ ಸರಿಯಾಗಬೇಕು.

“ಪಕ್ಕದಲ್ಲಿ ಯಾರು ಕೂರ್ತೀರಿ?” ಎಂದಳು ಚಿನ್ನಿ.

ಎಲ್ಲರೂ ಅಕ್ಕಮ್ಮನನ್ನು ನೋಡಿದರು. ಅವಳು ರಸ್ತೆ ನೋಡಿದಳು. ಬೊಕ್ಕಾಪುರಂ ಕಡೆಗೆ ಅದು ಹಾಸಿದ ಚಾಪೆಯಂತೆ ನೇರವಾಗಿತ್ತು. ಮೋನಿಷಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಸೀಟಿನ ಅಂಚನ್ನು ಗಟ್ಟಿಯಾಗಿ ಹಿಡಿದು ಕೂತಳು.

ಚಿನ್ನಿ ಗಿಯರ್ ಹಾಕಿದಳು. ಎರಡು ಕಿಲೋಮೀಟರಿನ ಗುರುತು ಕಂಡಿತು. ಇಲ್ಲೇ ಕೆಮ್ಮಿದ್ದು. ಕಾಲು ಒತ್ತಿದಳು. ಕಪ್ಪೆ ಸಿಡಿಯಲಿಲ್ಲ, ಹಿಂದೆ ಯಾರೋ ಬೆನ್ನು ತಟ್ಟಿದಂತೆ ಮುಂದಕ್ಕೆ ಹಾರಿತು. ಹುಣಸೆ ಮರಗಳು ಸರ್ರನೆ ಹಿಂದೆ ಹೋದವು, ರಸ್ತೆ ಬದಿಯ ಜಿಂಕೆಗಳು ತಲೆಯೆತ್ತಿದವು. ಹೊಸ ಮೀಟರಿನ ಮುಳ್ಳು ನಡುವಿಗೆ ಬಂದು ನಿಂತಿತು, ಮೇಲೇರಲಿಲ್ಲ. ಚಿನ್ನಿ ಓರೆಗಣ್ಣಿನಲ್ಲಿ ನೋಡಿದಳು. ಅಕ್ಕಮ್ಮನ ಸೆರಗು ಬಾವುಟದಂತೆ ಪಟಪಟ ಬಡಿಯುತ್ತಿತ್ತು, ಕಣ್ಣಲ್ಲಿ ಗಾಳಿಗೆ ನೀರು. ಬಾಯಿ ಅಗಲ ತೆರೆದಿತ್ತು. ವಾಂತಿಗಲ್ಲ, ನಗುತ್ತಿದ್ದಳು.

“ಇನ್ನೊಂದ್ ಸ್ವಲ್ಪ ದೂರ ಹೋಗು!” ಎಂದು ಕೂಗಿದಳು. “ಎಂಜಿನ್ ಪರೀಕ್ಷೆ ಇನ್ನೂ ಆಗಿಲ್ಲ!”

ಸಂಜೆಯ ಬಸ್ಸು ಹತ್ತುವ ಮುಂಚೆ ಚಿನ್ನಿ ಅಕ್ಕಮ್ಮನ ಮುಂದೆ ಬಂದು ತಲೆ ಬಾಗಿಸಿದಳು. ಬೆಳಿಗ್ಗೆ ಉಳಿಸಿಕೊಂಡಿದ್ದನ್ನೂ ಸೇರಿಸಿ, ಸ್ವಲ್ಪ ಹೆಚ್ಚೇ ಹೊತ್ತು. ನೆತ್ತಿಯ ಮೇಲೆ ಅಂಗೈ ಬಿತ್ತು. “ಬದುಕು, ಬದುಕು.” ಬಸ್ಸು ಹೋದ ಮೇಲೆ ಬಾಲಸುಬ್ರಮಣಿಯನ್, “ನಿಮ್ಮ ತಲೆ ಮೇಲೆ ಕೆಂಪು ಸುಣ್ಣ,” ಎಂದ. ಚಿನ್ನಿ ಒರೆಸಿಕೊಳ್ಳದೆ ಕಾರಿನ ಕೀಲಿ ತೆಗೆದುಕೊಂಡಳು. ಮರುದಿನ ಬೆಳಿಗ್ಗೆ ಜೋಡಿ ಬರುವುದಿತ್ತು, ಗಾಡಿ ತೊಳೆಯಬೇಕಿತ್ತು.

ಆ ಬೇಸಿಗೆಯಲ್ಲಿ ಕಪ್ಪೆಗೆ ಬಿಡುವೇ ಇರಲಿಲ್ಲ. ಜೂನ್‌ನಲ್ಲಿ ಮೊದಲ ಮಳೆ ಬೀಳುವ ಹೊತ್ತಿಗೆ ಚಿನ್ನಿ ಕ್ಯಾನ್ವಾಸಿನ ಹನ್ನೊಂದು ಸಾವಿರ ಹೊಂದಿಸಿಕೊಂಡು ಮತ್ತೆ ಫಿಂಗರ್‌ಪೋಸ್ಟಿಗೆ ಬಂದಳು. ಅಕ್ಕಮ್ಮ ಟೈರಿನಿಂದ ಎದ್ದು, ಸೆರಗು ಸಿಕ್ಕಿಸಿ, ಸುಣ್ಣ ತೆಗೆದಳು. ಬರೆಯುವ ಮುಂಚೆ ನಿಂತಳು.

“ಎಲ್ಲಿ ಓಡುತ್ತೆ ಗಾಡಿ?”

ಚಿನ್ನಿ ನಕ್ಕಳು. “ಏನ್ ಮಾಮಿ, ನಿನಗೆ ಗೊತ್ತಿಲ್ವಾ?”

“ಗೊತ್ತು. ಆದ್ರೂ ನೀ ಬಾಯಿ ಬಿಟ್ಟು ಹೇಳು.”

“ಬೊಕ್ಕಾಪುರಂ.”

“ರಾತ್ರಿ ಎಲ್ಲಿ ಮಲಗುತ್ತೆ?”

“ಅಲ್ಲೇ, ರೆಸಾರ್ಟಿನ ಹುಣಸೆ ಮರದ ಕೆಳಗೆ.”

“ಹಂಗಾದ್ರೆ ಹನ್ನೊಂದು ಸಾವಿರದ ಬಟ್ಟೆ ಬೇಡ, ಅಲ್ಲಿ ಮಂಗ ಹರಿದು ಹಾಕುತ್ತೆ. ದಪ್ಪದ್ದು ಹಾಕಿಸೋಣ, ಇನ್ನೊಂದು ಸಾವಿರ ಆಗುತ್ತೆ,” ಎಂದು ಅಕ್ಕಮ್ಮ ಬಗ್ಗಿ ಬರೆಯತೊಡಗಿದಳು. ಹಿಂದಿನ ಬಂಪರಿನ ಹತ್ತಿರ ಮೋನಿಷಾ ಆಗಲೇ ಕುಕ್ಕರುಗಾಲಲ್ಲಿ ಕೂತು ತನ್ನ ಲೆಕ್ಕ ಶುರುಮಾಡಿದ್ದಳು.